ಜೋಳಿಗೆಗೆ ಮುದ್ರೆ ಬಿದ್ದ ಶ್ರಾವಣ

ಮೊನ್ನೆ ಹುಮನಾಬಾದಿನ ಮನೆಯಲ್ಲಿ ಅವ್ವನ ಟ್ರಂಕು ತೆಗೆದು ಇಳಕಲ್ ಸೀರೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ಮಡಿಕೆಗಳ ನಡುವಿನಿಂದ ಡಾಂಬರ್ ಗುಳಿಗೆಯ ವಾಸನೆ ಭಗ್ಗೆಂದು ಮೂಗಿಗೆ ಬಡಿಯಿತು. ಬೇರೆಯವರಿಗೆ ಈ ವಾಸನೆ ಬಂದರೆ ಮದುವೆ ಮನೆ, ಬೀಗರು, ಚಳಿಗಾಲದ ಸ್ವೆಟರು ನೆನಪಾಗುತ್ತವೇನೋ. ನನಗೆ ನೆನಪಾಗುವುದು ಕಂಪ್ಯೂಟರು. ನಗಬೇಡಿ. ಬಸವಕಲ್ಯಾಣದ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದ ಕಾಲಕ್ಕೆ, ಜಿರಲೆಗಳೂ ಹಲ್ಲಿಗಳೂ ಒಳಗೆ ಹೊಕ್ಕು ಸಂಸಾರ ಹೂಡದಿರಲಿ ಎಂದು ಪ್ರತಿ ಡಬ್ಬದ ಹಿಂದೆಯೂ ಬಟ್ಟೆಯಲ್ಲಿ ಕಟ್ಟಿದ ಗುಳಿಗೆಗಳನ್ನು ತೂಗುಬಿಟ್ಟಿದ್ದೆವು. ಮಳೆ ಬಂದು ಕಿಟಕಿ ಮುಚ್ಚಿದರೆ ಕೋಣೆಯ ತುಂಬ ಇದೇ ವಾಸನೆ. ಸೀರೆ ಕೈಯಲ್ಲಿ ಹಿಡಿದುಕೊಂಡೇ ನಾನು ಆ ಕೋಣೆಯಲ್ಲಿ ನಿಂತಿದ್ದೆ, ಅವ್ವ ಒಳಗಿನಿಂದ ಎರಡು ಸಲ ಕೂಗಿದಳಂತೆ, ನನಗೆ ಕೇಳಿಸಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ಹುಮನಾಬಾದಿನವಳು, ನೌಕರಿ ಬಸವಕಲ್ಯಾಣದ ಒಂದು ಸಣ್ಣ ಕಾಲೇಜಿನಲ್ಲಿ. ದಿನಾ ಬೆಳಿಗ್ಗೆ ಕೆಂಪು ಬಸ್ಸು ಹಿಡಿದು, ರಾಜೇಶ್ವರ ದಾಟಿ, ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ಹೊರಳುವಷ್ಟರಲ್ಲಿ ಉಳಿದ ಅರ್ಧ ನಿದ್ದೆ ಮುಗಿದಿರುತ್ತಿತ್ತು. ಆ ವರ್ಷ ಮಳೆ ಹದವಾಗಿ ಹಿಡಿದಿತ್ತು. ರಸ್ತೆಯ ಎರಡೂ ಬದಿಗೆ ಹೆಸರು, ಉದ್ದು, ನಡುನಡುವೆ ತೊಗರಿಯ ಸಾಲು. ರಾಜೇಶ್ವರದಲ್ಲಿ ಬಸ್ಸು ನಿಂತರೆ ಮಿರ್ಚಿ ಭಜಿಯ ಘಾಟು ಕಿಟಕಿಯಿಂದ ಒಳಗೆ ಬರುತ್ತಿತ್ತು. ಕಂಡಕ್ಟರು ಇಳಿದು ಕಟ್ಟಿಸಿಕೊಂಡು ಬರುವ ತನಕ ಬಸ್ಸಿಗೆ ಅವಸರವಿರುತ್ತಿರಲಿಲ್ಲ. ನನಗೂ ಇರುತ್ತಿರಲಿಲ್ಲ. ಮೊದಲ ನೌಕರಿ, ಕೈಯಲ್ಲಿ ಹೊಸ ಛತ್ರಿ, ತಲೆಯಲ್ಲಿ ಜಗತ್ತನ್ನೇ ಸರಿಮಾಡುವ ಹುಮ್ಮಸ್ಸು. ಸುಖವಾಗಿದ್ದೆ, ಅದು ನನಗೆ ಆಗಲೂ ಗೊತ್ತಿತ್ತು.

ನಮ್ಮ ಪ್ರಿನ್ಸಿಪಾಲರು ಹಳೇ ಕಾಲದ ಕಟ್ಟುನಿಟ್ಟಿನ ಮನುಷ್ಯ. ಊರೆಲ್ಲ ಬಜಾರಿನಲ್ಲಿ ಸಿಗುವ ನಕಲಿ ಸಿ.ಡಿ. ಹಾಕಿಕೊಂಡು ಕಂಪ್ಯೂಟರ್ ನಡೆಸುತ್ತಿದ್ದಾಗ, ಖೊಟ್ಟಿ ಮಾಲು ನಮ್ಮ ಕಾಲೇಜಿನಾಗ ಬ್ಯಾಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಹಾಗಾಗಿ ಪತ್ರಿಕೆಯೊಂದರ ಜೊತೆ ಬಂದ ಲಿನಕ್ಸ್ ಸಿ.ಡಿ.ಯನ್ನು ನಾನು ಎಲ್ಲ ಯಂತ್ರಗಳಿಗೂ ಹಾಕಿದೆ. ಲಿನಕ್ಸ್ ಎಂದರೆ ಯಾರಪ್ಪನ ಸ್ವತ್ತೂ ಅಲ್ಲದ, ಸಾವಿರಾರು ಜನ ಸೇರಿ ಕಟ್ಟಿ ಹಂಚುವ ವ್ಯವಸ್ಥೆ. ಇದಕ್ಕೆ ವೈರಸ್ಸಿನ ಕಾಟವಿಲ್ಲ ಎಂದು ನಾನು ಪ್ರಿನ್ಸಿಪಾಲರ ಮುಂದೆ ಎದೆ ತಟ್ಟಿ ಹೇಳಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ನೋಡೋಣ ಎಂದಿದ್ದರು.

ಆ ವರ್ಷ ನೋಡುವಂಥದ್ದೇ ಬಂತು. ಬಿ.ಎ. ಓದುವವರಿಗೂ ಕಂಪ್ಯೂಟರಿನ ಒಂದು ಪ್ರಾಯೋಗಿಕ ಪರೀಕ್ಷೆ ಇತ್ತು. ಕನ್ನಡದಲ್ಲಿ ಒಂದು ಪತ್ರ ಟೈಪು ಮಾಡಿ, ಪಟ್ಟಿ ಹಾಕಿ, ಅಚ್ಚು ತೆಗೆದು ಕೊಡಬೇಕು. ಅಲ್ಲಿಯ ತನಕ ಆ ಪರೀಕ್ಷೆಗೆ ನಮ್ಮ ಮಕ್ಕಳು ಗುಲಬರ್ಗಾಕ್ಕೆ ಹೋಗಬೇಕಾಗಿತ್ತು. ಈ ಸಲ ಲ್ಯಾಬು ಸುಸೂತ್ರ ಇದ್ದರೆ ಕೇಂದ್ರ ನಿಮ್ಮಲ್ಲೇ ಎಂದು ವಿಶ್ವವಿದ್ಯಾಲಯದವರು ಹೇಳಿದ್ದರು, ಇಲ್ಲವಾದರೆ ಮತ್ತೆ ಗುಲಬರ್ಗಾ. ಗಂಡುಹುಡುಗರಿಗೆ ಅದೊಂದು ತಿರುಗಾಟ. ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಲ್ಲಿಗೇ ಓದು ಮುಗಿದಂತೆ. ನಾರಾಯಣಪುರದ ಮಹಾನಂದಾ ಅಂಥವಳು. ಅವಳ ಅಪ್ಪ ಸ್ವಲ್ಪ ಹೊಲ, ಉಳಿದಂತೆ ಕೂಲಿ ಎಂದು ಸಂಸಾರ ನಡೆಸುವವರು. ನಾನು ಮನೆಗೆ ಹೋದಾಗ ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಕೂಡಿಸಿ, ಏನನ್ನೂ ಮುಚ್ಚಿಡದೆ ಹೇಳಿದರು.

"ಕಲ್ಯಾಣಕ್ಕಂದ್ರ ನಾನ ಸೈಕಲ್ ಮ್ಯಾಲೆ ಬಿಟ್ಟು ಬರ್ತೀನ್ರಿ ಮೇಡಂ. ಗುಲಬರ್ಗಾಕ್ಕ ಅಂದ್ರ ಆಗೂದಿಲ್ಲ. ಅಲ್ಲಿ ನಮ್ಮವರು ಅಂತ ಯಾರದಾರ್ರಿ?"

ಅವರ ಮೇಲೆ ಸಿಟ್ಟಾಗಲು ನನಗೆ ಕಾರಣ ಸಿಗಲಿಲ್ಲ. ಮಹಾನಂದಾ ಅಷ್ಟು ಹೊತ್ತೂ ಬಾಗಿಲ ಮರೆಯಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಲ್ಯಾಬು ಸರಿಯಾಗಿಡುವುದು ನನ್ನ ಜವಾಬ್ದಾರಿ ಎಂದು ಹೇಳಿ ಚಹಾ ಕುಡಿದು ಎದ್ದು ಬಂದೆ.

ಲ್ಯಾಬಿಗಿದ್ದ ತೊಡಕು ಕನ್ನಡವೇ. ಆಗಿನ ಲಿನಕ್ಸಿನಲ್ಲಿ ಕನ್ನಡ ಟೈಪು ಮಾಡಿದರೆ ಒತ್ತಕ್ಷರಗಳು ಜಗಳವಾಡಿದ ಗಂಡಹೆಂಡಿರಂತೆ ಬೇರೆಬೇರೆ ಕೂತುಬಿಡುತ್ತಿದ್ದವು. ನಮ್ಮ ಪ್ರಿಂಟರಿನ ಗುರುತು ಅದಕ್ಕೆ ಹತ್ತುತ್ತಿರಲಿಲ್ಲ. ಇಲ್ಲಿ ಒಂದು ಸಂಗತಿ ಬಿಡಿಸಿ ಹೇಳಬೇಕು. ಲಿನಕ್ಸ್ ಹಂಚುವವರದೇ ಒಂದು ದೊಡ್ಡ ಉಗ್ರಾಣ ಇರುತ್ತದೆ, ಅದಕ್ಕೆ ರೆಪೊಸಿಟರಿ ಎನ್ನುತ್ತಾರೆ. ಅಲ್ಲಿ ಬಲ್ಲವರು ಕೂತು ಪ್ರತಿಯೊಂದು ತಂತ್ರಾಂಶವನ್ನೂ ನೋಡಿ, ತಮ್ಮ ಮುದ್ರೆ ಒತ್ತಿ ಇಟ್ಟಿರುತ್ತಾರೆ. ನಮ್ಮ ಯಂತ್ರ ಇಂಟರ್ನೆಟ್ಟಿನ ಮೇಲೆ ಅಲ್ಲಿಗೆ ಹೋಗಿ ಬೇಕಾದ್ದನ್ನು ತಂದುಕೊಳ್ಳುತ್ತದೆ. ಬೇಕಾದ್ದು ಅಲ್ಲಿ ಇರದಿದ್ದರೆ, ಬೇರೆ ಯಾರೋ ತಮ್ಮ ಉಮೇದಿಗೆ ನಡೆಸುವ ಉಗ್ರಾಣದ ವಿಳಾಸವನ್ನು ಯಂತ್ರಕ್ಕೆ ಬರೆದುಕೊಟ್ಟರೆ ಸಾಕು, ಅಲ್ಲಿಂದಲೂ ತರುತ್ತದೆ. ಬಹಳ ಅನುಕೂಲ. ಆದರೆ ಅಲ್ಲಿಂದ ಬಂದದ್ದು ಅಂಗಳದಲ್ಲಿ ನಿಲ್ಲುವುದಿಲ್ಲ, ಮನೆಯ ಯಜಮಾನನ ಅಧಿಕಾರ ಹಿಡಿದು ನೇರ ಒಳಕೋಣೆಗೆ ಹೋಗುತ್ತದೆ.

ನಮಗೆ ಅಂಥ ಉಗ್ರಾಣ ಊರಲ್ಲೇ ಇತ್ತು. ಅದನ್ನು ಕಟ್ಟಿದವರು ವೈಜಿನಾಥಣ್ಣ. ಬಜಾರಿನಲ್ಲಿ ಅವರ ಮನೆತನದ ಬಟ್ಟೆ ಅಂಗಡಿ. ಕೆಳಗೆ ಅವರ ತಮ್ಮ ಜಂಪರ್ ಖಣ ಅಳೆದು ಹರಿಯುತ್ತಿದ್ದರೆ, ಮೇಲಿನ ಅಟ್ಟದಲ್ಲಿ ಇವರು ಬಟ್ಟೆಯ ಥಾನುಗಳ ನಡುವೆ ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತಿದ್ದರು. ನಲವತ್ತರ ಆಸುಪಾಸು, ಹಣೆಗೆ ವಿಭೂತಿ, ಬಿಳಿ ಅಂಗಿ, ಯಾರು ಬಂದರೂ ಮೊದಲು ಬರ್ರಿ ಕುಂದರ್ರಿ, ಆಮೇಲೆ ಹೆಸರು ಕೇಳುವುದು. ಒತ್ತಕ್ಷರಗಳನ್ನು ಕೂಡಿಸಿ ಕೂರಿಸುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಕನ್ನಡದ ಅಕ್ಷರಗಳು, ಪ್ರಿಂಟರು ನಡೆಸುವ ತಂತ್ರಾಂಶ, ಹಳೇ ಯಂತ್ರಗಳಿಗೆ ಒಗ್ಗುವ ಸಣ್ಣಪುಟ್ಟ ಸಲಕರಣೆ ಎಲ್ಲವನ್ನೂ ಸಿದ್ಧಮಾಡಿ, ಬಾಡಿಗೆಗೆ ಹಿಡಿದ ಇಂಟರ್ನೆಟ್ ಜಾಗದಲ್ಲಿ ಇಟ್ಟಿದ್ದರು. ಅದಕ್ಕೆ 'ಜೋಳಿಗೆ' ಎಂದು ಹೆಸರಿಟ್ಟಿದ್ದರು. ಬೀದರ್ ಕಡೆಯ ಕಾಲೇಜುಗಳು, ಗಡಿ ಆಚೆಯ ಲಾತೂರು, ಉಮರ್ಗಾದ ಡಿ.ಟಿ.ಪಿ. ಅಂಗಡಿಗಳು, ಎಲ್ಲರ ಯಂತ್ರದಲ್ಲೂ ಜೋಳಿಗೆಯ ವಿಳಾಸ ಇತ್ತು.

ಜೋಳಿಗೆಗೆ ತಂತ್ರಾಂಶ ಸೇರಿಸಲು ಒಂದು ಪಾಸ್‌ವರ್ಡ್ ಬೇಕಾಗುತ್ತಿತ್ತು. ಅದು ಅಟ್ಟದ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು. ಬಂದವರೆಲ್ಲ ನೋಡಬಹುದು. ಲಾತೂರಿನ ಗೆಳೆಯ ದತ್ತಾ ಬಂದಾಗ ತಾನು ಕಟ್ಟಿದ್ದನ್ನು ಸೇರಿಸಿ ಹೋಗುತ್ತಿದ್ದ, ದತ್ತಾನ ಗೆಳೆಯರು ಅವರ ಊರಿಂದಲೇ ಸೇರಿಸುತ್ತಿದ್ದರು. ಇದು ಹೀಗೇಕೆ ಎಂದು ನಾನು ಮೊದಲ ಸಲ ಕೇಳಿದಾಗ ವೈಜಿನಾಥಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಇದು ದಾಸೋಹ ಅದರಿ ಮೇಡಂ. ದಾಸೋಹದಾಗ ನೀವ್ಯಾರು, ಎಲ್ಲಿಯವರು ಅಂತ ಕೇಳೂದುಂಟೇನ್ರಿ?"

ಕಲ್ಯಾಣದಲ್ಲಿ ನಿಂತು ಈ ಮಾತಿಗೆ ಎದುರಾಡುವವರು ಯಾರು? ನಾನೂ ತಲೆದೂಗಿದೆ. ಕರೆಂಟಿನ ಕಾಟ ಬೇರೆ. ಆ ಮಳೆಗಾಲದಲ್ಲಿ ಕರೆಂಟು ನೆಟ್ಟಗೆ ಇರುತ್ತಿದ್ದುದು ಬೆಳಗಿನ ಒಂದು ಪಾಳಿ ಮಾತ್ರ. ಆಗ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ. ಯಂತ್ರಗಳು ಹೊಸದು ಬಂದಿದೆಯೇ ಎಂದು ನೋಡಿಕೊಂಡು, 'ಹಾಕಿಕೊಳ್ಳಲೇ?' ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಹಾಗಾಗಿ ಎಲ್ಲ ಕಾಲೇಜಿನವರೂ ಮಾಡಿದಂತೆ ನಾವೂ ಮಾಡಿದ್ದೆವು. ಯಾವ ಪ್ರಶ್ನೆ ಬಂದರೂ ಹೌದು ಎಂದು ಯಂತ್ರವೇ ಹೇಳಿಕೊಳ್ಳಬೇಕು, ಮುದ್ರೆ ಇದೆಯೋ ಇಲ್ಲವೋ ನೋಡುತ್ತ ಕೂರಬಾರದು. ತಂತ್ರಾಂಶಕ್ಕೆ ಪ್ರತಿ ಸಲ ತಿದ್ದಿದಾಗ ಕೊಡುವ ಆವೃತ್ತಿಯ ಅಂಕಿ ಹಳೇ ಅಂಕಿಗಿಂತ ದೊಡ್ಡದಿದ್ದರೆ ಸಾಕು, ಯಾರದ್ದು ಎಂದು ಕೇಳದೆ ಹಳೆಯದನ್ನು ಎಬ್ಬಿಸಿ ಹೊಸದನ್ನು ಕೂರಿಸಿಬಿಡುತ್ತಿತ್ತು. ಯಂತ್ರಗಳೂ ನಮ್ಮ ಊರಿನ ಮರ್ಯಾದೆ ಕಲಿತವು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಶ್ರಾವಣ ಹಿಡಿದ ಮೇಲೆ ಒಂದು ದಿನ ಟೆಲಿಫೋನ್ ಕಚೇರಿಯಿಂದ ಪ್ರಿನ್ಸಿಪಾಲರಿಗೆ ಫೋನು ಬಂತು. ನಿಮ್ಮ ಲೈನಿನಿಂದ ಜಗತ್ತಿನ ಮೂಲೆಮೂಲೆಗೆ ರಾಶಿರಾಶಿ ಇ-ಮೇಲು ಹೋಗುತ್ತಿವೆ, ಎಲ್ಲ ಔಷಧಿ ಮಾರುವ ಜಾಹೀರಾತು, ನಿಲ್ಲಿಸದಿದ್ದರೆ ಲೈನು ಕತ್ತರಿಸುತ್ತೇವೆ ಎಂದರಂತೆ. ಎಂಥ ಔಷಧಿ ಎಂದು ಪ್ರಿನ್ಸಿಪಾಲರು ನನಗೆ ಹೇಳಲಿಲ್ಲ, ಅವರ ಮುಖ ಕೆಂಪಾಗಿದ್ದು ನೋಡಿ ನಾನೂ ಕೇಳಲಿಲ್ಲ. ಲ್ಯಾಬಿಗೆ ಓಡಿದೆ. ಒಂದು ಯಂತ್ರದ ಮುಂದೂ ಯಾರೂ ಇಲ್ಲ, ಆದರೂ ಮೋಡೆಮ್ಮಿನ ದೀಪ ಬಿಡುವಿಲ್ಲದೆ ಮಿಟುಕುತ್ತಿತ್ತು. ತಂತಿ ಕಿತ್ತುಬಿಟ್ಟೆ.

ಸಂಜೆ ಪ್ರಿನ್ಸಿಪಾಲರು ಕರೆಸಿ, ಗದರದೆ, ಮೆತ್ತಗೆ ಹೇಳಿದರು. ಯಂತ್ರದೊಳಗೆ ಕಳ್ಳ ಕೂತಿರುವಾಗ ಪರೀಕ್ಷೆ ನಡೆಸಿ ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಮಕ್ಕಳ ಅಂಕಕ್ಕೆ ಯಾರು ಹೊಣೆ? ದಸರೆಗೆ ಮುಂಚೆ ಪರೀಕ್ಷೆ. ಅಷ್ಟರಲ್ಲಿ ಲ್ಯಾಬು ಶುದ್ಧವಾಗದಿದ್ದರೆ ಕೇಂದ್ರ ಬೇಡ ಎಂದು ತಾವೇ ಬರೆದುಕೊಡುವುದಾಗಿ ಹೇಳಿದರು. ಅವರು ಕೂಗಾಡಿದ್ದರೆ ನಾನೂ ವಾದ ಮಾಡುತ್ತಿದ್ದೆ. ಅವರ ಮಾತು ಸರಿಯಾಗಿತ್ತು.

ಕಳ್ಳನನ್ನು ಹಿಡಿದುಕೊಟ್ಟದ್ದು ಒಂದು ಸಿಡಿಲು. ಮೃಗಶಿರಾ ಮಳೆಯಲ್ಲಿ ಬಿದ್ದ ಸಿಡಿಲಿಗೆ ಮೂಲೆಯ ಯಂತ್ರದ ನೆಟ್‌ವರ್ಕ್ ಭಾಗ ಸುಟ್ಟು, ಅದು ಅಂದಿನಿಂದ ಯಾವ ಉಗ್ರಾಣಕ್ಕೂ ಹೋಗದೆ ತನ್ನಷ್ಟಕ್ಕೆ ಇತ್ತು. ಅದನ್ನೂ ಉಳಿದವುಗಳನ್ನೂ ಪಕ್ಕಪಕ್ಕಕ್ಕೆ ಇಟ್ಟು ಒಂದೊಂದೇ ತಾಳೆ ನೋಡುತ್ತ ಹೋದೆ. ಎಲ್ಲ ಸರಿಯಿತ್ತು, ಕನ್ನಡ ಅಕ್ಷರಗಳ ಪ್ಯಾಕೇಜು, ಅಂದರೆ ತಂತ್ರಾಂಶದ ಗಂಟು, ಅದೊಂದನ್ನು ಬಿಟ್ಟು. ಉಳಿದ ಯಂತ್ರಗಳಲ್ಲಿ ಅದರ ಅಂಕಿ ದೊಡ್ಡದಾಗಿತ್ತು, ಗಾತ್ರವೂ ಹಿಗ್ಗಿತ್ತು. ಬಿಚ್ಚಿ ನೋಡಿದರೆ ಅಕ್ಷರಗಳ ಜೊತೆ ಇ-ಮೇಲು ಕಳಿಸುವ ಒಂದು ಸಣ್ಣ ಪ್ರೋಗ್ರಾಮು ಮುದುಡಿ ಕೂತಿತ್ತು. ಅಕ್ಷರದ ಪ್ಯಾಕೇಜಿಗೆ ಅಂಚೆ ಕಳಿಸುವ ಕೆಲಸ ಯಾತಕ್ಕೆ? ಅದು ಬಂದದ್ದು ಜೋಳಿಗೆಯಿಂದ. ವೈಜಿನಾಥಣ್ಣ ಅಂಥ ಕೆಲಸ ಮಾಡುವವರಲ್ಲ ಎಂಬುದು ನನಗೆ ಗೊತ್ತು. ತೊಲೆಯ ಮೇಲಿನ ಆ ಸೀಮೆಸುಣ್ಣದ ಅಕ್ಷರ ಎಷ್ಟು ಊರು ತಿರುಗಿ ಯಾರ ಕೈಗೆ ಸಿಕ್ಕಿತ್ತೋ ದೇವರೇ ಬಲ್ಲ. ಯಾರೆಂಬುದು ಕೊನೆಗೂ ತಿಳಿಯಲಿಲ್ಲ.

ಇನ್ನು ಇದನ್ನು ಅವರಿಗೆ ಹೇಳುವುದು ಹೇಗೆ? ಕಳ್ಳನನ್ನು ಹುಡುಕುವುದು ಇದಕ್ಕಿಂತ ಸುಲಭವಿತ್ತು. ಅಟ್ಟ ಹತ್ತಿ ಹೋದೆ. ಅವರು ಚಹಾ ತರಿಸಿದರು, ಹೊಸದಾಗಿ ಕಟ್ಟಿದ ಅಂಕಿಗಳ ಅಕ್ಷರ ತೋರಿಸಿದರು, ನನ್ನ ಅವ್ವನ ಮೊಣಕಾಲು ನೋವಿಗೆ ಯಾವುದೋ ಎಣ್ಣೆ ಹೇಳಿದರು. ನಾನು ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದು ಇಳಿದು ಬಂದೆ. ಮರುದಿನವೂ ಅದೇ ಕತೆ. ನಿಮ್ಮ ದಾಸೋಹದ ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಎಂದು ಅನ್ನ ಇಟ್ಟವರ ಮುಖಕ್ಕೆ ಹೇಳಲು ನಾಲಿಗೆ ಏಳಲಿಲ್ಲ. ಬಸ್ಸಿನಲ್ಲಿ ಕೂತರೆ ಮಹಾನಂದಾ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದು ಕಣ್ಣಿಗೆ ಕಟ್ಟುತ್ತಿತ್ತು.

ಶ್ರಾವಣದ ಕೊನೆಯ ಸೋಮವಾರ ಮಠದಲ್ಲಿ ದಾಸೋಹ. ವೈಜಿನಾಥಣ್ಣನ ಮನೆತನದವರು ತಲೆಮಾರಿನಿಂದ ಅಲ್ಲಿ ಅಡುಗೆಯ ಸೇವೆ ಮಾಡುತ್ತ ಬಂದವರು. ನನ್ನನ್ನೂ ಊಟಕ್ಕೆ ಕರೆದಿದ್ದರು. ಹೊರಗೆ ಜಿಟಿಜಿಟಿ ಮಳೆ, ಒಳಗೆ ದೊಡ್ಡ ಕಡಾಯಿಗಳಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಪಂಕ್ತಿಯಲ್ಲಿ ಯಾರು ಕೂತಿದ್ದಾರೆ ಎಂದು ಯಾರೂ ನೋಡುತ್ತಿರಲಿಲ್ಲ. ರಸ್ತೆಯಲ್ಲಿ ಲಾರಿ ನಿಲ್ಲಿಸಿ ಬಂದ ಡ್ರೈವರು, ಕೊಡೆ ಹಿಡಿದ ಸಾಹುಕಾರರು, ನೆನೆದ ಮಕ್ಕಳು, ಎಲ್ಲರಿಗೂ ಅದೇ ತಟ್ಟೆ. ನಾನು ಅಡುಗೆಮನೆಯ ಬಾಗಿಲ ಹತ್ತಿರ ನಿಂತಿದ್ದೆ. ವೈಜಿನಾಥಣ್ಣ ತಲೆಗೆ ವಸ್ತ್ರ ಸುತ್ತಿಕೊಂಡು ಆ ಬಾಗಿಲಲ್ಲೇ ನಿಂತಿದ್ದರು. ಯಾರೋ ಒಬ್ಬರು ಭಕ್ತಿಯಿಂದ ಒಂದು ಡಬ್ಬಿ ಕುಸುಬಿ ಎಣ್ಣೆ ಹೊತ್ತು ತಂದರು. ವೈಜಿನಾಥಣ್ಣ ಕೈಮುಗಿದು ಇಳಿಸಿಕೊಂಡರು. ಆಮೇಲೆ ಯಾವ ಗಾಣದ್ದು ಎಂದು ಕೇಳಿದರು. ಬಂದವರಿಗೆ ಗೊತ್ತಿರಲಿಲ್ಲ, ದೋಸ್ತ ಕೊಟ್ಟದ್ದು ಎಂದರು. ದೋಸ್ತ ಎಲ್ಲಿಂದ ತಂದನೋ ಅದೂ ಗೊತ್ತಿರಲಿಲ್ಲ.

"ಹಂಗಾದ್ರ ದೀಪಕ್ಕ ಇಡೂಣ್ರಿ ಅಣ್ಣಾರ," ಎಂದರು ವೈಜಿನಾಥಣ್ಣ, ಸ್ವಲ್ಪವೂ ಒರಟಿಲ್ಲದೆ. "ಕಡಾಯಿಗೆ ಬ್ಯಾಡ."

ಬಂದವರು ಬೇಸರ ಮಾಡಿಕೊಳ್ಳಲಿಲ್ಲ. ಎಣ್ಣೆಯ ಡಬ್ಬಿ ಗರ್ಭಗುಡಿಯ ಕಡೆ ಹೋಯಿತು, ಅವರು ಹೋಗಿ ಪಂಕ್ತಿಯಲ್ಲಿ ಕೂತು ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ನನಗೆ ಆ ಹೊತ್ತಿಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಬಾಗಿಲ ಹತ್ತಿರ ಸರಿದು ಮೆತ್ತಗೆ ಹೇಳಿಬಿಟ್ಟೆ.

"ಅಣ್ಣಾ, ಉಣ್ಣಾಕ ಬಂದವರನ್ನ ನೀವು ಏನೂ ಕೇಳಂಗಿಲ್ಲ. ಕಡಾಯಿಗೆ ಬೀಳೂದನ್ನ ಮಾತ್ರ ಕೇಳ್ತೀರಿ. ಜೋಳಿಗಿಗೆ ಎರಡಕ್ಕೂ ಒಂದ ಬಾಗಿಲಾ ಇಟ್ಟೇವಿ ನೋಡ್ರಿ. ಅದರಾಗ ಯಾರೋ ಏನೋ ಹಾಕ್ಯಾರ."

ಅವರು ನನ್ನ ಕಡೆ ತಿರುಗಿ, ಯಾವ ಪ್ಯಾಕೇಜು ಎಂದಷ್ಟೇ ಕೇಳಿದರು. ಹೇಳಿದೆ. ಲ್ಯಾಬಿನ ಕತೆಯನ್ನೂ ಹೇಳಿದೆ, ಪರೀಕ್ಷೆಯ ಕತೆಯನ್ನೂ ಹೇಳಿದೆ. ಅವರು ಹುಟ್ಟು ಹಿಡಿದು ಹುಗ್ಗಿ ತಿರುವಿದರು, ಕೊನೆಯ ಪಂಕ್ತಿಯ ತನಕ ನಿಂತು ಬಡಿಸಿದರು. ತಾವು ಮಾತ್ರ ಉಣ್ಣದೆ ಹೋದರು.

ಆಮೇಲೆ ಅಟ್ಟದ ಬಾಗಿಲಿಗೆ ಬೀಗ. ಕೆಳಗೆ ಅವರ ತಮ್ಮನನ್ನು ಕೇಳಿದರೆ, ಅಣ್ಣ ಮನೆಯಲ್ಲೇ ಇದ್ದಾನೆ, ಯಾರ ಜೊತೆಗೂ ಮಾತಿಲ್ಲ ಎಂದರು. ನಾನು ಬಸ್ಸಿನಲ್ಲಿ ಹೋಗುತ್ತ ಬರುತ್ತ ನನ್ನನ್ನೇ ಬೈದುಕೊಂಡೆ. ಹೆಸರಿನ ರಾಶಿ ಮಾಡುವ ಕಾಲ, ನಡುವೆ ಮಳೆ ಸುರಿದು ಕಾಯಿ ಹೊಲದಲ್ಲೇ ಮೊಳಕೆಯೊಡೆಯುತ್ತದೋ ಎಂದು ಬಸ್ಸಿನವರೆಲ್ಲ ಆಕಾಶ ನೋಡುತ್ತಿದ್ದರು. ನಾನೂ ಅವರ ಜೊತೆ ನೋಡುತ್ತಿದ್ದೆ, ಚಿಂತೆ ಮಾತ್ರ ಬೇರೆ. ಗುರುವಾರ ಮುಂಜಾನೆ ಮಳೆ ಬಿಟ್ಟಿತು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ವೈಜಿನಾಥಣ್ಣ ಒಳಗೆ ಬಂದರು. ಕಣ್ಣು ಕೆಂಪಗಿದ್ದವು, ಕೈಯಲ್ಲಿ ಪತ್ರಿಕೆಯ ಜೊತೆ ಬಂದಿದ್ದ ಲಿನಕ್ಸಿನ ಸಿ.ಡಿ. ಇತ್ತು.

"ಮೊದಲ ಎಲ್ಲಾ ಮಷೀನಿನಾಗಿಂದ ನಮ್ಮ ಜೋಳಿಗಿ ವಿಳಾಸ ತಗೀರಿ ಮೇಡಂ. ಆಮ್ಯಾಲೆ ಎಲ್ಲಾ ಒರಸಿ ಹೊಸದಾಗಿ ಹಾಕೂಣು."

ತಮ್ಮ ಕೈಯಾರೆ ತಮ್ಮ ವಿಳಾಸ ಅಳಿಸಿದರು. ಒಂದೊಂದು ಯಂತ್ರದ ಮುಂದೆ ಕೂತು, ಆ ಸಾಲು ಹೋದದ್ದನ್ನು ನೋಡಿ, ಎದ್ದು ಮುಂದಿನದಕ್ಕೆ ಹೋಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಕಿಟಕಿ ತೆರೆಯುವ ನೆಪದಲ್ಲಿ ಆಚೆ ನಡೆದೆ.

ಆಮೇಲಿನ ದಿನಗಳು ನನ್ನ ಬದುಕಿನ ಬಹಳ ಒಳ್ಳೆಯ ದಿನಗಳು. ತೊಲೆಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಜೋಳಿಗೆಯನ್ನು ಪೂರ್ತಿ ಖಾಲಿ ಮಾಡಿ, ಶುದ್ಧ ಮಾಡಿದ ಯಂತ್ರವೊಂದನ್ನು ಅಟ್ಟದಲ್ಲಿ ಇಟ್ಟುಕೊಂಡು ವೈಜಿನಾಥಣ್ಣ ಒಂದೊಂದೇ ತಂತ್ರಾಂಶವನ್ನು ಸಾಲುಸಾಲಾಗಿ ಓದಿ, ತಾವೇ ಕಟ್ಟಿ, ತಮ್ಮ ಮುದ್ರೆ ಒತ್ತತೊಡಗಿದರು. ಮುದ್ರೆಯ ಗುರುತೆಂದರೆ ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ಉದ್ದನೆಯ ಒಂದು ಸಾಲು. ಅದು ಅವರದೇ ಎಂದು ಜೋಳಿಗೆ ಬಳಸುವ ಎಲ್ಲರಿಗೂ ಖಾತ್ರಿಯಾಗಬೇಕು. ಇಂಟರ್ನೆಟ್ಟಿನಲ್ಲೇ ಕಳಿಸಿದರೆ ನಡುವೆ ಯಾರಾದರೂ ಬದಲಿಸಬಹುದು, ಆದ್ದರಿಂದ ಫೋನಿನಲ್ಲಿ ಬಾಯಿಂದ ಹೇಳುವುದೆಂದಾಯಿತು. ಅಂಗಡಿಯ ಫೋನು ಮಳೆಗೆ ಸತ್ತಿತ್ತು. ಬಜಾರಿನ ಎಸ್.ಟಿ.ಡಿ. ಬೂತಿನಲ್ಲಿ ನಿಂತು ವೈಜಿನಾಥಣ್ಣ ಊರೂರಿಗೆ ಫೋನು ಹಚ್ಚಿ, ನಾಲ್ಕು, ಎ, ಒಂಬತ್ತು, ಸೊನ್ನೆ ಎಂದು ಓದುವುದು, ಆ ಕಡೆಯವರು ಮರಳಿ ಓದುವುದು ನಡೆಯಿತು. ಬೂತಿನವನು ಎರಡು ದಿನ ಕಿವಿಗೊಟ್ಟು ಕೇಳಿ, ಕೊನೆಗೆ ತಡೆಯಲಾರದೆ, ಇದು ಮಟ್ಕಾ ನಂಬರಾಗಿದ್ದರೆ ತನಗೂ ಒಂದು ಹೇಳಬೇಕೆಂದು ಕೇಳಿಕೊಂಡನಂತೆ. ವೈಜಿನಾಥಣ್ಣ ಬಹಳ ದಿನಗಳ ಮೇಲೆ ಅಂದು ನಕ್ಕರು.

ಎಲ್ಲರೂ ನಗಲಿಲ್ಲ. ದತ್ತಾ ಲಾತೂರಿನಿಂದ ಬಂದು ಅಟ್ಟದಲ್ಲಿ ಕೂತು ಮರಾಠಿಯಲ್ಲಿ ಜಗಳವೇ ಆಡಿದ. ಇಷ್ಟು ವರ್ಷದ ದೋಸ್ತಿಯಲ್ಲಿ ಈಗ ತನ್ನ ಮೇಲೆ ಭರೋಸಾ ಹೋಯಿತೇ ಎಂಬುದು ಅವನ ದುಃಖ. ವೈಜಿನಾಥಣ್ಣ ಅವನಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ನಿನ್ನ ಮೇಲೆ ಭರೋಸಾ ಇದೆ, ನೀನು ಯಾರಿಂದ ತಂದೆಯೋ ಅವರು ನನಗೆ ಗೊತ್ತಿಲ್ಲ ಎಂದರು. ದತ್ತಾ ಊಟ ಮಾಡಿದ, ಆದರೆ ಮುಖ ಊದಿಸಿಕೊಂಡೇ ಬಸ್ಸು ಹತ್ತಿದ. ಅವನು ಸರಿಹೋಗಲು ಸಂಕ್ರಾಂತಿ ಬರಬೇಕಾಯಿತು.

ಲ್ಯಾಬಿನಲ್ಲಿ ನಮ್ಮ ಕ್ರಮವೂ ಬದಲಾಯಿತು. ಯಂತ್ರಗಳು ತಾವೇ ಹೌದು ಎನ್ನುವುದನ್ನು ನಿಲ್ಲಿಸಿದೆ. ಬೆಳಗಿನ ಕರೆಂಟಿನ ಹೊತ್ತಿಗೆ ನಾನೇ ಮೊದಲ ಬಸ್ಸಿಗೆ ಬಂದು ಕೂತು, ದೊಡ್ಡ ಉಗ್ರಾಣದಿಂದ ಬರುವುದನ್ನು ಅಲ್ಲಿಂದಲೇ ತಂದು, ಜೋಳಿಗೆಯ ವಿಳಾಸ ಮತ್ತೆ ಬರೆದು ಅಲ್ಲಿಂದ ಕನ್ನಡ ಅಕ್ಷರ ಮತ್ತು ಪ್ರಿಂಟರಿನದು ಎರಡನ್ನು ಮಾತ್ರ ಮುದ್ರೆ ನೋಡಿ ಹಾಕಿಕೊಂಡೆ. ಮಹಾನಂದಾ ಮತ್ತು ಉಳಿದ ಹುಡುಗಿಯರು ಕರೆಂಟು ಇರುವಷ್ಟು ಹೊತ್ತು ಅಭ್ಯಾಸ ಮಾಡುತ್ತಿದ್ದರು. ಟೆಲಿಫೋನ್ ಕಚೇರಿಯಿಂದ ಮತ್ತೆ ಫೋನು ಬರಲಿಲ್ಲ. ಪ್ರಿನ್ಸಿಪಾಲರು ಒಂದು ದಿನ ಬಂದು ಮೋಡೆಮ್ಮಿನ ದೀಪವನ್ನು ಬಗ್ಗಿ ನೋಡಿ, ಕೇಂದ್ರ ಇಲ್ಲೇ ಎಂದು ವಿಶ್ವವಿದ್ಯಾಲಯಕ್ಕೆ ಬರೆದರು.

ಉಳಿದದ್ದು ಒಂದೇ ಕಿರಿಕಿರಿ. ನಮ್ಮ ಹಳೇ ಯಂತ್ರಗಳಲ್ಲಿ ಕನ್ನಡ ಟೈಪು ಮಾಡಿದರೆ ಅಕ್ಷರ ಒಂದು ಉಸಿರು ತಡವಾಗಿ ಮೂಡುತ್ತಿತ್ತು. ಬೇಗ ಬಡಿಯುವ ಮಹಾನಂದಾಳಂಥವರಿಗೆ ಎಲ್ಲಿದ್ದೇವೆ ಎಂಬುದೇ ತಪ್ಪಿಹೋಗುತ್ತಿತ್ತು. ನಾನು ಹಟಕ್ಕೆ ಬಿದ್ದು ಇದಕ್ಕೊಂದು ಪರಿಹಾರ ಬರೆದೆ. ಅರ್ಧ ನನ್ನದು, ಅರ್ಧ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು. ಹಾಕಿ ನೋಡಿದರೆ ಅಕ್ಷರಗಳು ಪಟಪಟನೆ ಬಂದವು. ಪರೀಕ್ಷೆ ಹತ್ತಿರ ಬಂದಿತ್ತು. ಮುದ್ರೆ ಒತ್ತಿಸಿಕೊಂಡು ಬರೋಣ ಎಂದು ಅಟ್ಟ ಹತ್ತಿದೆ. ಮೊದಲ ಸಲ ರೊಟ್ಟಿ ತಟ್ಟಿದ ಹುಡುಗಿಯಂಥ ಸಂಭ್ರಮ ನನಗೆ.

ವೈಜಿನಾಥಣ್ಣ ನೋಡಿದರು, ಛಲೋ ಅದ ಎಂದರು. ಆಮೇಲೆ ಇ‌ನ್ನರ್ಧ ಯಾರದ್ದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸಾಲುಸಾಲಾಗಿ ಓದಬೇಕಾಗುತ್ತದೆ, ಪರೀಕ್ಷೆಗೆ ಮುಂಚೆ ಓದಿ ಮುಗಿಯುವುದಿಲ್ಲ ಎಂದರು. ನಾನು ಪರೀಕ್ಷೆಯ ಮಾತು ತೆಗೆದೆ, ಹುಡುಗಿಯರ ಮಾತು ತೆಗೆದೆ, ಕೊನೆಗೆ ನಾನೇ ಅಲ್ಲವೇ ತಂದದ್ದು ಎಂದೂ ಹೇಳಿದೆ. ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಆ ಮನುಷ್ಯ ತಲೆ ತಗ್ಗಿಸಿ, ಎರಡೂ ಕೈ ಮುಗಿದರು.

"ಈಗ ಆಗೂದಿಲ್ರಿ ಮೇಡಂ. ಪರೀಕ್ಷಾ ಮುಗೀಲಿ."

ಮೆಟ್ಟಿಲು ಇಳಿಯುವಾಗ ನನ್ನ ಕಿವಿ ಬಿಸಿಯಾಗಿತ್ತು. ನಾನು ಕಲಿಸಿದ ವಿದ್ಯೆ ನನಗೇ ತಿರುಗಿತು ಎಂದು ಸಿಟ್ಟು. ಹುಮನಾಬಾದ್ ಮುಟ್ಟುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಯಾರಿಗೂ ಹೇಳದೆ ನಾನೇ ಲ್ಯಾಬಿನ ಯಂತ್ರಗಳಿಗೆ ಹಾಕಿಬಿಡಬಹುದಿತ್ತು, ಅಡ್ಡ ಬರುವವರು ಯಾರೂ ಇರಲಿಲ್ಲ. ಹಾಕಲಿಲ್ಲ.

ಪರೀಕ್ಷೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಡಾಂಬರ್ ಗುಳಿಗೆಯ ವಾಸನೆಗೆ ಮೂಗು ಮುಚ್ಚಿಕೊಂಡು ಒಂದು ಸುತ್ತು ಹಾಕಿದರು. ಮಹಾನಂದಾ ಕೂತು, ಒಂದು ಅಕ್ಷರ ಒತ್ತಿ, ಅದು ಮೂಡುವ ತನಕ ಕಾದು, ಮುಂದಿನದನ್ನು ಒತ್ತಿದಳು. ಅವಳ ಬೆರಳುಗಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬಂತೋ ನಾನು ಅರಿಯೆ. ಪತ್ರ ಮುಗಿಯಿತು, ಪಟ್ಟಿ ಬಂತು, ಪ್ರಿಂಟರು ಒಂದು ಸಲ ಕೆಮ್ಮಿ ಹಾಳೆ ಹೊರಗೆ ತಳ್ಳಿತು. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಪರೀಕ್ಷಕರು ಓದಿ, ಸಹಿ ಹಾಕಿ, ಮುಂದಿನವರು ಎಂದರು. ಗೇಟಿನ ಹತ್ತಿರ ಅವಳ ಅಪ್ಪ ಸೈಕಲ್ಲಿಗೆ ಒರಗಿ ನಿಂತಿದ್ದರು. ಮಗಳು ಹೊರಗೆ ಬಂದು ಏನೋ ಹೇಳಿದಳು, ಅವರು ಹ್ಯಾಂಡಲ್ಲಿಗೆ ತೂಗುಹಾಕಿದ್ದ ಚೀಲದಿಂದ ಬಾಳೆಹಣ್ಣು ತೆಗೆದು ಅವಳಿಗೊಂದು, ನನ್ನ ಕಡೆ ಬಂದು ನನಗೊಂದು ಕೊಟ್ಟರು. ಅವಳು ಆಮೇಲೆ ಪದವಿ ಮುಗಿಸಿದಳು, ಈಗ ಕಲ್ಯಾಣದಲ್ಲೇ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ.

ಪರೀಕ್ಷೆ ಮುಗಿದು, ಬನ್ನಿ ಹಂಚಿ, ರಜೆ ಕಳೆದು ನಾನು ಕಾಲೇಜಿಗೆ ಬಂದ ದಿನ ವೈಜಿನಾಥಣ್ಣ ಬಸ್‌ ಸ್ಟ್ಯಾಂಡಿನಲ್ಲೇ ನಿಂತಿದ್ದರು. ನಾನು ಇಳಿದ ಕೂಡಲೇ ಹತ್ತಿರ ಬಂದು, ನನ್ನ ಪರಿಹಾರವನ್ನು ಪೂರ್ತಿ ಓದಿದ್ದಾಗಿಯೂ, ಮುದ್ರೆ ಒತ್ತಿ ಜೋಳಿಗೆಗೆ ಹಾಕಿದ್ದಾಗಿಯೂ ಹೇಳಿದರು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಏನಾದರೂ ತಪ್ಪು ಸಿಕ್ಕಿತೇ ಎಂದು ಕೇಳಿದೆ.

"ಇಲ್ರಿ ಮೇಡಂ, ಒಂದೂ ತಪ್ಪಿಲ್ಲ."

"ಮತ್ತ ಅಷ್ಟು ದಿನ ಯಾಕ ಕಾಯಿಸಿದ್ರಿ ಅಣ್ಣಾ?"

ಅವರು ನನ್ನ ಛತ್ರಿಯನ್ನು ಕೈಯಿಂದ ತೆಗೆದುಕೊಂಡು ಕಾಲೇಜಿನ ದಾರಿಯ ಕಡೆ ಹೆಜ್ಜೆ ಹಾಕುತ್ತ, ಬಹಳ ಸಮಾಧಾನದಿಂದ ಹೇಳಿದರು.

"ತಪ್ಪಿಲ್ಲ ಅಂತ ಓದಿದ ಮ್ಯಾಲೆ ಗೊತ್ತಾತ್ರಿ."